ನಾಳೆ ಬನ್ನಿ ಎನ್ನುವ ಧೈರ್ಯ



ಮಳೆಗಾಲವೆಂದರೆ ಸಾವರ್ಡೆಯ ಸುತ್ತಣ ತೋಟಗಳಲ್ಲಿ ದುಡಿಯುವ ನಮ್ಮ ಕುಟುಂಬಗಳಿಗೆ ಬಿಸಿನೀರಿನ ಚಿಂತೆಯ ಕಾಲ. ವಿಜಾಪುರ, ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ಲೋಂಡಾ ಘಾಟು ಇಳಿದು ಬಂದ ನಮಗೆ ಇಲ್ಲಿನ ಮಳೆ ಹೊಸದಲ್ಲವಾದರೂ ಅದರ ಕಾಟ ತಪ್ಪಿದ್ದಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಕಟ್ಟಿಗೆ ಒಣಗುವುದಿಲ್ಲ. ಗೇರು ತೋಟದಲ್ಲಿ, ಅಡಿಕೆಯ ಕುಳಾಗರದಲ್ಲಿ ದಿನವಿಡೀ ನೆನೆದು ಬಂದ ಮೈಗೆ ಎರಡು ತಂಬಿಗೆ ಬಿಸಿನೀರು ಬೀಳದಿದ್ದರೆ ಮರುದಿನ ಏಳುವುದೇ ಕಷ್ಟ. ಮನೆಯಲ್ಲಿ ಬಾಣಂತಿಯೋ ಹಸುಗೂಸೋ ಮುದುಕರೋ ಇದ್ದರಂತೂ ಕೇಳುವುದೇ ಬೇಡ. ಬಚ್ಚಲ ಒಲೆಯನ್ನು ಊದಿ ಊದಿ ನಮ್ಮ ತಾಯಂದಿರ ಕಣ್ಣು ಕೆಂಪಾಗುತ್ತದೆ.

ಸರಿಯಾಗಿ ಇದೇ ಹೊತ್ತಿಗೆ ಮಾರುವವರು ಬಾಗಿಲಿಗೆ ಬರುತ್ತಾರೆ. ಕೈಯಲ್ಲಿ ಬಣ್ಣದ ಡಬ್ಬಿ, ಬಾಯಲ್ಲಿ ಸಿಹಿ ಮಾತು. “ಅಕ್ಕಾರ, ಇವತ್ತ ಒಂದ ದಿನ ಆಫರ್ ಐತ್ರಿ. ನಾಳೆ ಈ ರೇಟಿಗೆ ಸಿಗೂದಿಲ್ರಿ.” ಈ ಸಂಚಿಕೆಯಲ್ಲಿ ನಾವು ಈ ಮಾತಿನ ಬಗ್ಗೆಯೇ ಬರೆಯಬೇಕೆಂದಿದ್ದೇವೆ. ಅದಕ್ಕೆ ಕಾರಣವಿದೆ.

ಕಳೆದ ಮಳೆಗಾಲದಲ್ಲಿ ನಮ್ಮ ಸಹವಾಸದ ಒಬ್ಬ ಸಹೋದರಿಯ ಮನೆಗೆ ಇಂಥ ಒಬ್ಬ ಹುಡುಗ ಬಂದನು. ನಲ್ಲಿಗೆ ಜೋಡಿಸುವ ಬಿಸಿನೀರಿನ ಯಂತ್ರವನ್ನು ತೋರಿಸಿದನು. ನಲ್ಲಿ ತಿರುಗಿಸಿದೊಡನೆ ಹಬೆಯಾಡುವ ನೀರು ಬಂತು. ಕರೆಂಟು ಅರ್ಧಕ್ಕರ್ಧ ಉಳಿಯುತ್ತದೆ ಎಂದನು. ಪೂರ್ತಿ ಹಣವಿಲ್ಲವೆಂದಾಗ ಮೂಲೆಯಲ್ಲಿದ್ದ ತಾಮ್ರದ ಹಂಡೆಯನ್ನು ನೋಡಿ, “ಈ ಹಳೇ ಹಂಡೆ ಕೊಡ್ರಿ, ಉಳಿದದ್ದು ಎರಡು ಕಂತಿನಾಗ ಕೊಡ್ರಿ” ಎಂದನು. ಹಂಡೆಯನ್ನು ತೂಗಲಿಲ್ಲ. ರಸೀದಿ ಕೊಡಲಿಲ್ಲ. ಗಂಡ ತೋಟದಿಂದ ಬರುವಷ್ಟರಲ್ಲಿ ಹಂಡೆ ಹೋಗಿತ್ತು, ಯಂತ್ರ ಬಂದಿತ್ತು.

ನಾಲ್ಕನೆಯ ದಿನ ಪ್ಲಗ್ಗು ಸುಟ್ಟು ಕರಕಲಾಯಿತು. ಅದಕ್ಕಿಂತ ಮುಂಚೆಯೇ ನಲ್ಲಿ ಮುಟ್ಟಿದರೆ ಕೈ ಜುಂ ಎನ್ನುತ್ತಿತ್ತಂತೆ. ಯಾರೂ ಅದನ್ನು ದೊಡ್ಡದು ಮಾಡಿರಲಿಲ್ಲ. ಅಂದು ಮಗನಿಗೆ ಜೋರಾಗಿ ಹೊಡೆಯಿತು. ಪಕ್ಕದ ಮನೆಯವರು ಓಡಿ ಬಂದು ಮೇನ್ ಸ್ವಿಚ್ ಇಳಿಸಿದ್ದರಿಂದ ಹುಡುಗ ಉಳಿದನು. ದೇವರಿಗೆ ಸ್ತೋತ್ರ. ಡಬ್ಬಿಯ ಮೇಲಿದ್ದ ಫೋನ್ ನಂಬರಿಗೆ ಎಷ್ಟು ಸಾರಿ ಹಚ್ಚಿದರೂ ಯಾರೂ ಎತ್ತಲಿಲ್ಲ. ನಾವು ಆ ಮನೆಗೆ ಹೋದಾಗ ಆ ತಾಯಿ ಹೇಳಿದ್ದು ಇಷ್ಟೇ: “ರೊಕ್ಕ ಹೋದದ್ದಕ್ಕ ಸಂಕಟ ಇಲ್ರಿ. ಅದು ನಮ್ಮವ್ವ ಮದುವ್ಯಾಗ ಕೊಟ್ಟ ಹಂಡೆ.”

ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಆ ಹುಡುಗನು ನಮ್ಮ ಲೈನುಗಳಿಗೆ ಬರುವ ಹಿಂದಿನ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ನಮ್ಮ ಕೂಟದಲ್ಲೇ ತನ್ನ ಸಾಮಾನನ್ನು ತೋರಿಸಿದ್ದನು. ಯಾರೋ ಪರಿಚಯದವರು ಕರೆತಂದಿದ್ದರು, ಬಂದವನು ಸಭೆಯವರಂತೆಯೇ ವಂದನೆ ಹೇಳಿದನು, ನಾವು ಬೇಡವೆನ್ನಲಿಲ್ಲ. ಆಮೇಲೆ ಮನೆ ಮನೆಗೆ ಹೋಗಿ, “ನಿಮ್ಮ ಸಹವಾಸದವರೇ ನೋಡಿ ಮೆಚ್ಚಿದ್ದಾರೆ” ಎಂದು ಹೇಳಿಕೊಂಡನು. ಆ ಸಹೋದರಿ ನಂಬಿದ್ದು ಅವನನ್ನಲ್ಲ, ನಮ್ಮನ್ನು. ಆದಕಾರಣ ಈ ಬರಹವು ಬೇರೆಯವರಿಗೆ ಹೇಳುವ ಬುದ್ಧಿಮಾತು ಮಾತ್ರವಲ್ಲ, ನಮಗೆ ನಾವೇ ಹೇಳಿಕೊಳ್ಳುವ ಮಾತೂ ಆಗಿದೆ.

ಲೂಕನ ಸುವಾರ್ತೆಯ 14ನೆಯ ಅಧ್ಯಾಯದಲ್ಲಿ ಕರ್ತನು ಗೋಪುರ ಕಟ್ಟಲು ಹೊರಟವನ ಸಾಮ್ಯವನ್ನು ಹೇಳುತ್ತಾನೆ. ಬುದ್ಧಿಯುಳ್ಳವನು ಮೊದಲು ಕುಳಿತುಕೊಂಡು ಖರ್ಚಿನ ಲೆಕ್ಕ ಮಾಡುತ್ತಾನೆ. ಬಾಗಿಲಲ್ಲಿ ನಿಂತು ಲೆಕ್ಕ ಮಾಡಲು ಆಗುವುದಿಲ್ಲ. ಬಾಗಿಲಲ್ಲಿ ನಿಂತವನು ನಮ್ಮನ್ನು ಕುಳಿತುಕೊಳ್ಳಲು ಬಿಡುವುದೂ ಇಲ್ಲ. ಆದುದರಿಂದ ಈಗ, ಯಾರೂ ಬಾಗಿಲು ತಟ್ಟದಿರುವಾಗ, ಮನೆಮಂದಿಯೆಲ್ಲ ಕೂಡಿ ಕುಳಿತು ಈ ಲೆಕ್ಕ ಮಾಡೋಣ.

ಮೊದಲನೆಯದಾಗಿ ಕರೆಂಟಿನ ಲೆಕ್ಕ. ಒಂದು ಬಕೆಟ್ಟಿನಲ್ಲಿ 15 ಲೀಟರು ನೀರು ಇದೆಯೆನ್ನಿ. ಅದನ್ನು ಜಳಕಕ್ಕೆ ಬೇಕಾದಷ್ಟು, ಅಂದರೆ ಸುಮಾರು 20 ಡಿಗ್ರಿ ಹೆಚ್ಚು ಬಿಸಿ ಮಾಡಲು ಯೂನಿಟ್ಟಿನ ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚು, 0.35 ಯೂನಿಟ್ ಕರೆಂಟು ಬೇಕು. ಐದು ಮಂದಿಯ ಮನೆಯಲ್ಲಿ ದಿನಕ್ಕೆ ಐದು ಬಕೆಟ್ ಎಂದರೆ ಪೌಣೆ ಎರಡು ಯೂನಿಟ್. ತಿಂಗಳಿಗೆ ಐವತ್ತು ಯೂನಿಟ್ಟಿನ ಮೇಲಾಯಿತು. ನಿಮ್ಮ ಬಿಲ್ಲಿನಲ್ಲಿರುವ ಯೂನಿಟ್ಟಿನ ದರದಿಂದ ಇದನ್ನು ಗುಣಿಸಿ ನೋಡಿ. ರಾಡ್ ಇರಲಿ, ಗೀಸರ್ ಇರಲಿ, ನಲ್ಲಿಯ ಯಂತ್ರವಿರಲಿ, ಒಳಗಿನ ಕಾಯಿಲ್ ಕಾದು ನೀರು ಕಾಯುವ ಯಾವುದೇ ಉಪಕರಣಕ್ಕೂ ಅಷ್ಟು ನೀರಿಗೆ ಅಷ್ಟು ಕರೆಂಟು ಬೇಕೇ ಬೇಕು. ದೊಡ್ಡ ವಾಟ್ ಇದ್ದದ್ದು ಬೇಗ ಕಾಯಿಸುತ್ತದೆ, ಸಣ್ಣದು ತಡವಾಗಿ ಕಾಯಿಸುತ್ತದೆ, ಅಷ್ಟೇ. ಆದುದರಿಂದ ಅಂಥದೊಂದನ್ನು ಹಿಡಿದುಕೊಂಡು “ಅರ್ಧ ಕರೆಂಟು ಸಾಕು” ಎನ್ನುವವನು ಸುಳ್ಳು ಹೇಳುತ್ತಿದ್ದಾನೆ, ಇಲ್ಲವೆ ಯಾರೋ ಹೇಳಿಕೊಟ್ಟದ್ದನ್ನು ತಿಳಿಯದೆ ಒಪ್ಪಿಸುತ್ತಿದ್ದಾನೆ.

ನಲ್ಲಿಯ ಯಂತ್ರದಿಂದ ಹಬೆ ಬಂದದ್ದು ಹೇಗೆ? ಅಂಥವುಗಳಲ್ಲಿ ಹೆಚ್ಚಿನವು 3000 ವಾಟಿನವು. ಅಷ್ಟು ಶಕ್ತಿಯಿಂದ ನೀರನ್ನು 20 ಡಿಗ್ರಿ ಬಿಸಿ ಮಾಡಬೇಕಾದರೆ ನಿಮಿಷಕ್ಕೆ ಎರಡು ಲೀಟರಿಗಿಂತ ಸ್ವಲ್ಪ ಹೆಚ್ಚು ನೀರು ಮಾತ್ರ ಬಿಡಬಹುದು. ತೋರಿಸುವವನು ನಲ್ಲಿಯನ್ನು ದಾರದೆಳೆಯಷ್ಟು ಬಿಟ್ಟು ಹಬೆ ಬರಿಸುತ್ತಾನೆ. ನಾವು ಬಕೆಟ್ ತುಂಬಿಸಲು ಪೂರ್ತಿ ಬಿಟ್ಟರೆ ಬರುವುದು ಉಗುರುಬೆಚ್ಚಗಿನ ನೀರು. ಆದುದರಿಂದ ಯಾರಾದರೂ ತೋರಿಸಲು ಬಂದರೆ ನಮ್ಮ ಬಕೆಟ್ಟನ್ನೇ ಇಟ್ಟು, “ಇದು ತುಂಬಲಿ, ಎಷ್ಟು ನಿಮಿಷ ಹಿಡಿಯುತ್ತದೆ ನೋಡೋಣ” ಎನ್ನಬೇಕು.

ಎರಡನೆಯದು ತಂತಿಯ ಲೆಕ್ಕ. ಇದರಲ್ಲಿ ತಪ್ಪಿದರೆ ಹೋಗುವುದು ಹಣವಲ್ಲ, ಜೀವ. ನಮ್ಮ ಲೈನ್ ಮನೆಗಳಲ್ಲಿ ದೀಪಕ್ಕೂ ಫ್ಯಾನಿಗೂ ಇರುವ ಸಣ್ಣ ಪ್ಲಗ್ ಪಾಯಿಂಟು 6 ಆಂಪಿಯರಿನದು. 1500 ವಾಟಿನ ರಾಡ್ ಆರೂವರೆ ಆಂಪಿಯರ್ ಎಳೆಯುತ್ತದೆ. 3000 ವಾಟಿನ ಯಂತ್ರ 13 ಆಂಪಿಯರ್ ಎಳೆಯುತ್ತದೆ. ಸಣ್ಣ ಪಾಯಿಂಟಿಗೆ ಇವನ್ನು ಹಚ್ಚಿದರೆ ಎತ್ತಿನ ಹೊರೆಯನ್ನು ಕರುವಿನ ಮೇಲೆ ಹೇರಿದಂತೆ. ತಂತಿ ಕಾಯುತ್ತದೆ, ಪ್ಲಗ್ಗು ಕರಗುತ್ತದೆ, ಕೊನೆಗೆ ಬೆಂಕಿಯೇ ಹತ್ತಬಹುದು. ನೀರು ಕಾಯಿಸುವ ಯಾವುದಕ್ಕೂ 16 ಆಂಪಿಯರಿನ ದೊಡ್ಡ ಪಾಯಿಂಟು, ಅದಕ್ಕೆ ತಕ್ಕ ದಪ್ಪ ತಂತಿ, ಮೂರು ಪಿನ್ನಿನ ಪ್ಲಗ್ಗು, ಸರಿಯಾದ ಅರ್ಥಿಂಗ್ ಇರಲೇಬೇಕು. ಕರೆಂಟು ಸೋರಿದೊಡನೆ ತಾನಾಗಿಯೇ ಆರಿಸುವ ಇ.ಎಲ್.ಸಿ.ಬಿ. ಅಥವಾ ಆರ್.ಸಿ.ಸಿ.ಬಿ. ಎಂಬ ಸ್ವಿಚ್ ಹಾಕಿಸಿದರೆ ಇನ್ನೂ ಒಳ್ಳೆಯದು. ಇದನ್ನು ಲೈಸೆನ್ಸ್ ಇರುವ ವೈರ್‌ಮನ್ನಿಂದಲೇ ನೋಡಿಸಬೇಕು. ಲೈನ್ ಮನೆಯ ವೈರಿಂಗು ತೋಟದ ಯಜಮಾನರದು. ಒಬ್ಬೊಬ್ಬರೇ ಹೋಗಿ ಗೋಗರೆಯುವ ಬದಲು, ಲೈನಿನವರೆಲ್ಲ ಕೂಡಿ ಒಂದು ಅರ್ಜಿ ಬರೆದು, ಎಲ್ಲರೂ ಸಹಿ ಹಾಕಿ, ಅರ್ಥಿಂಗ್ ಮಾಡಿಸಿಕೊಡಿರೆಂದು ಕೇಳಿರಿ. ಅರ್ಜಿ ಬರೆಯಲು ನಾವು ಸಹಾಯ ಮಾಡುತ್ತೇವೆ.

ಹೊಸ ಗೀಸರಿಗೆ ಹಣವಿಲ್ಲದ ನಮ್ಮ ಬಹುಪಾಲು ಮನೆಗಳಲ್ಲಿ ಇರುವುದು ರಾಡ್. ಅದನ್ನು ಬಳಸುವವರು ಈ ಮಾತುಗಳನ್ನು ಮನೆಯ ಮಕ್ಕಳಿಗೂ ಬಾಯಿಪಾಠ ಮಾಡಿಸಬೇಕು. ಮೊದಲು ರಾಡನ್ನು ಗುರುತಿನವರೆಗೆ ನೀರಿನಲ್ಲಿ ಇಳಿಸಬೇಕು, ಆಮೇಲೆ ಸ್ವಿಚ್ ಹಾಕಬೇಕು. ನೀರು ಕಾದಿದೆಯೇ ಎಂದು ಬೆರಳದ್ದಿ ನೋಡುವ ಮೊದಲು ಸ್ವಿಚ್ ಆರಿಸಿ ಪ್ಲಗ್ಗನ್ನೂ ಕಿತ್ತಿರಬೇಕು. ತಗಡಿನ ಅಥವಾ ಸ್ಟೀಲಿನ ಬಕೆಟ್ ಬೇಡ. ಪ್ಲಾಸ್ಟಿಕ್ ಬಕೆಟ್ ಆದರೂ ರಾಡ್ ಅದರ ಗೋಡೆಗೆ ತಾಗಬಾರದು, ಅಡ್ಡ ಕಟ್ಟಿಗೆ ಇಟ್ಟು ತೂಗುಹಾಕಬೇಕು. ಒದ್ದೆ ಕೈಯಿಂದ ಸ್ವಿಚ್ ಮುಟ್ಟಬಾರದು. ರಾಡ್ ಹಾಕಿ ಮಕ್ಕಳನ್ನು ಬಿಟ್ಟು ಹೊರಗೆ ಹೋಗಬಾರದು. 1500 ವಾಟಿನ ರಾಡಿಗೆ ಒಂದು ಬಕೆಟ್ ಕಾಯಿಸಲು ಕಾಲು ಗಂಟೆ ಸಾಕು, ಅಷ್ಟು ಹೊತ್ತು ಅಲ್ಲಿಯೇ ಇರಲು ಸಾಧ್ಯ. ಕೈ ಜುಂ ಎಂದರೆ ಅದು ಎಚ್ಚರಿಕೆ; ಆ ಕ್ಷಣದಿಂದ ಅದನ್ನು ಬಳಸಕೂಡದು. ಯಾರಿಗಾದರೂ ಕರೆಂಟು ಹಿಡಿದರೆ ಅವರನ್ನು ಕೈಯಿಂದ ಎಳೆಯಬೇಡಿರಿ. ಮೊದಲು ಮೇನ್ ಆರಿಸಿರಿ. ಅದು ಆಗದಿದ್ದರೆ ಒಣಗಿದ ಕಟ್ಟಿಗೆಯಿಂದ ತಳ್ಳಿ ಬಿಡಿಸಿರಿ. ಬಿಸಿನೀರು ಬಿದ್ದು ಸುಟ್ಟರೆ 20 ನಿಮಿಷ ನಲ್ಲಿಯ ತಣ್ಣೀರು ಹರಿಯಬಿಡಿರಿ. ಪೇಸ್ಟು, ಶಾಯಿ, ಎಣ್ಣೆ ಹಚ್ಚಬೇಡಿರಿ.

ಅಂಗಡಿಯಲ್ಲಿ ಕೊಳ್ಳುವಾಗ ಐ.ಎಸ್.ಐ. ಗುರುತು ನೋಡಿರಿ. ರಾಡಿಗೂ ಗೀಸರಿಗೂ ಆ ಗುರುತು ಕಾಯ್ದೆಯಂತೆ ಕಡ್ಡಾಯ. ಬರೀ ಗುರುತು ಅಚ್ಚು ಹಾಕಿದ್ದರೆ ಸಾಲದು. ಅದರ ಮೇಲ್ಗಡೆ ಐ.ಎಸ್. ಸಂಖ್ಯೆಯೂ, ಕೆಳಗಡೆ ಸಿ.ಎಂ./ಎಲ್. ಎಂದು ಆರಂಭವಾಗುವ ಲೈಸೆನ್ಸ್ ಸಂಖ್ಯೆಯೂ ಇರಬೇಕು. ಮಕ್ಕಳ ಮೊಬೈಲಿನಲ್ಲಿ ಬಿ.ಐ.ಎಸ್. ಕೇರ್ ಎಂಬ ಆ್ಯಪ್ ಹಾಕಿಕೊಂಡರೆ ಆ ಸಂಖ್ಯೆ ನಿಜವೋ ಸುಳ್ಳೋ ತಿಳಿಯುತ್ತದೆ. ಓದು ಕಲಿತ ಮಕ್ಕಳು ಮನೆಗೆ ಮಾಡಬಹುದಾದ ಸೇವೆ ಇದು.

ಗ್ಯಾಸ್ ಗೀಸರಿನ ಬಗ್ಗೆ ಒಂದು ಮಾತು. ಗ್ಯಾಸು ಉರಿಯುವಾಗ ಗಾಳಿ ಸಾಲದಿದ್ದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷದ ಗಾಳಿ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬಾಗಿಲು ಕಿಟಕಿ ಮುಚ್ಚಿದ ಬಚ್ಚಲಿನಲ್ಲಿ ಜಳಕ ಮಾಡುವವರು ತಮಗೆ ತಿಳಿಯದಂತೆಯೇ ಎಚ್ಚರ ತಪ್ಪಿ ಬೀಳುತ್ತಾರೆ. ಅಂಥ ಗೀಸರನ್ನು ಬಚ್ಚಲಿನ ಒಳಗೆ ಎಂದೂ ಕೂಡಿಸಬಾರದು. ಬಚ್ಚಲಿನೊಳಗೆ ಕೆಂಡದ ಶೆಗಡಿ ಇಟ್ಟುಕೊಳ್ಳುವುದೂ ಅಷ್ಟೇ ಅಪಾಯ.

ಹಾಗಾದರೆ ಹಂಡೆ ಒಲೆಯ ಕಾಲ ಮುಗಿಯಿತೇ? ಮುಗಿದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ‘ಅಸ್ತ್ರ’ ಎಂಬ ವಿಭಾಗ ಆರಂಭವಾಯಿತು. ದೊಡ್ಡ ವಿದ್ವಾಂಸರು ಹಳ್ಳಿಯ ಒಲೆಯ ಮುಂದೆ ಕುಳಿತು ಹೊಗೆ ಏಕೆ, ಕಟ್ಟಿಗೆ ದಂಡವಾಗುವುದೇಕೆ ಎಂದು ಅಭ್ಯಾಸ ಮಾಡಿದರು. ಅಸ್ತ್ರ ಒಲೆ ಕರ್ನಾಟಕದ ಎಷ್ಟೋ ಮನೆಗಳಿಗೆ ಹೋಯಿತು. ಅದರ ಗುಟ್ಟು ಸರಳವಾದದ್ದು. ಕಟ್ಟಿಗೆಯ ಕೆಳಗೆ ಕಬ್ಬಿಣದ ಜಾಳಿಗೆ ಇದ್ದರೆ ಕೆಳಗಿನಿಂದ ಗಾಳಿ ಬರುತ್ತದೆ. ಪಾತ್ರೆ ಒಲೆಯ ಬಾಯಿಗೆ ಸಂದಿಲ್ಲದಂತೆ ಕೂತರೆ ಉರಿ ಹೊರಗೆ ಹೋಗುವುದಿಲ್ಲ. ಹೊಗೆಗೆ ಕೊಳವೆ ಇದ್ದರೆ ಕಣ್ಣು, ಎದೆ ಉಳಿಯುತ್ತವೆ. ಈ ಮೂರನ್ನು ನಮ್ಮ ಹಂಡೆ ಒಲೆಗೂ ಅಳವಡಿಸಿಕೊಳ್ಳಬಹುದು. ಮಳೆ ಹಿಡಿಯುವ ಮೊದಲೇ ಮೇ ತಿಂಗಳಲ್ಲಿ ಕಟ್ಟಿಗೆ ಸೀಳಿ ಸೂರಿನ ಕೆಳಗೆ ಒಟ್ಟಿರಿ. ಗೇರು ಬೀಜದ ಸಿಪ್ಪೆ ಚೆನ್ನಾಗಿ ಉರಿಯುತ್ತದೆಂದು ಒಲೆಗೆ ಹಾಕಬೇಡಿರಿ. ಅದರ ಎಣ್ಣೆ ಚರ್ಮವನ್ನು ಸುಡುವಂಥದು, ಅದರ ಹೊಗೆಯೂ ಕಣ್ಣು ಮೂಗಿಗೆ ಕೆಟ್ಟದ್ದು. ಮಳೆ ಮುಗಿದ ಮೇಲೆ, ಬಿಸಿಲಿನ ದಿನಗಳಲ್ಲಿ, ಕಪ್ಪು ಬಣ್ಣ ಬಳಿದ ಡ್ರಮ್ಮಿನಲ್ಲಿ ನೀರು ತುಂಬಿ ಮುಚ್ಚಿ ಬಿಸಿಲಿಗಿಟ್ಟರೆ ಸಂಜೆಯ ಜಳಕಕ್ಕೆ ನೀರು ಬೆಚ್ಚಗಿರುತ್ತದೆ. ಅದಕ್ಕೆ ಯಾವ ಕಂಪನಿಗೂ ಕಂತು ಕಟ್ಟಬೇಕಾಗಿಲ್ಲ.

ಇನ್ನು ಬಾಗಿಲಿಗೆ ಬರುವವರ ವಿಷಯ. ಅವರನ್ನು ಕಳ್ಳರೆಂದು ಬೈಯುವುದು ನಮಗೆ ಒಪ್ಪುವುದಿಲ್ಲ. ಬಿಸಿಲಲ್ಲಿ ಮಳೆಯಲ್ಲಿ ಬ್ಯಾಗು ಹೊತ್ತು ತಿರುಗುವವರಲ್ಲಿ ನಮ್ಮ ಜಿಲ್ಲೆಗಳ ಹುಡುಗರೂ ಇದ್ದಾರೆ. ಹಲವರಿಗೆ ಪಗಾರವಿಲ್ಲ, ಮಾರಿದರೆ ಮಾತ್ರ ಕಮಿಷನ್. ಅವರ ಹಿಂದೆ ಕುಳಿತು ಮಾತು ಕಲಿಸಿದವರೇ ಬೇರೆ. ಅಂಥ ಹುಡುಗನಿಗೆ ಕುಡಿಯಲು ನೀರು ಕೊಡಿರಿ, ಮಳೆಯಿದ್ದರೆ ಜಗಲಿಯಲ್ಲಿ ಕುಳ್ಳಿರಿಸಿರಿ. ನೀರು ಕುಡಿಸುವುದು ಬೇರೆ, ಕೊಳ್ಳುವುದು ಬೇರೆ. ಒಬ್ಬನ ಮೇಲೆ ಕನಿಕರವಿದ್ದರೆ ಅದಕ್ಕಾಗಿ ಮನೆಮಂದಿಯ ಊಟದ ಹಣವನ್ನು ಕೊಡಬೇಕಾಗಿಲ್ಲ.

ಅವನನ್ನು ಕೇಳಬೇಕಾದ ಪ್ರಶ್ನೆಗಳು ಐದು. ನಿನ್ನ ಗುರುತಿನ ಚೀಟಿ ಎಲ್ಲಿ? ನಿಮ್ಮ ಅಂಗಡಿ ಅಥವಾ ಕಚೇರಿ ಎಲ್ಲಿದೆ, ಕುಡಚಡೆಯಲ್ಲೋ ಮಡಗಾಂವದಲ್ಲೋ? ಐ.ಎಸ್.ಐ. ಲೈಸೆನ್ಸ್ ಸಂಖ್ಯೆ ಎಲ್ಲಿದೆ? ಪಕ್ಕಾ ಬಿಲ್ಲು ಕೊಡುತ್ತೀಯಾ? ಕೆಟ್ಟರೆ ಯಾರು ಬಂದು ರಿಪೇರಿ ಮಾಡುತ್ತಾರೆ? ಈ ಐದಕ್ಕೂ ಉತ್ತರ ಸಿಕ್ಕರೂ ಅಂದೇ ಕೊಳ್ಳಬೇಡಿರಿ. ನಮ್ಮ ಹಳ್ಳಿಗಳಲ್ಲಿ ಹಿಂದೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದುದು ಹಿರಿಯರಿಗೆ ನೆನಪಿದ್ದೀತು. ರಾತ್ರಿ ಬಂದು ಕರೆಯುವ ಮಾರಿಯು ಅದನ್ನು ಓದಿ ಹಿಂದಿರುಗುತ್ತಾಳೆಂದು ಜನ ನಂಬಿದ್ದರು. ಕ್ರಿಸ್ತನನ್ನು ನಂಬಿದ ನಮಗೆ ಆ ಭಯವಿಲ್ಲ. ಆದರೂ ಆ ಎರಡು ಮಾತು ಇಲ್ಲಿ ಉಪಯೋಗಕ್ಕೆ ಬರುತ್ತದೆ. “ತಮ್ಮಾ, ನಾಳೆ ಬಾ. ಮನಿಯವರು ಬಂದ ಮ್ಯಾಲೆ ಮಾತಾಡೂಣು” ಎನ್ನಿರಿ. ಸಾಮಾನು ಒಳ್ಳೆಯದಿದ್ದರೆ ಅದು ನಾಳೆಯೂ ಒಳ್ಳೆಯದೇ ಆಗಿರುತ್ತದೆ. ಇಂದೇ ಆಗಬೇಕು ಎಂದು ಅವಸರ ಮಾಡುವ ವ್ಯಾಪಾರದಲ್ಲಿ ಏನೋ ಇದೆ ಎಂದು ತಿಳಿಯಿರಿ. ಅಗ್ಗಕ್ಕೆ ಆಸೆಪಟ್ಟು ಮುಗ್ಗಲು ಜೋಳ ತಂದಂತೆ ಆಗದಿರಲಿ.

ಕಾಯ್ದೆಯೂ ನಮ್ಮ ಕಡೆಗಿದೆ. 1986ರ ಗ್ರಾಹಕ ರಕ್ಷಣಾ ಕಾಯ್ದೆಯ ಜಾಗದಲ್ಲಿ 2019ರ ಹೊಸ ಕಾಯ್ದೆ 2020ರ ಜುಲೈ 20ರಿಂದ ಜಾರಿಗೆ ಬಂದಿದೆ. ಅದರ ಪ್ರಕಾರ ಬಿಲ್ಲು ಕೊಡದಿರುವುದು ಅನ್ಯಾಯದ ವ್ಯಾಪಾರ. ಕೆಟ್ಟ ಮಾಲನ್ನು ಬಿಲ್ಲಿನಲ್ಲಿ ಬರೆದ ಅವಧಿಯೊಳಗೆ, ಅವಧಿ ಬರೆಯದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ತೆಗೆದುಕೊಂಡು ಹಣ ಮರಳಿಸಲು ಒಪ್ಪದಿರುವುದೂ ಅನ್ಯಾಯವೇ. ಅಂಗಡಿಯಿಲ್ಲದೆ ಏಜೆಂಟರ ಜಾಲದ ಮೂಲಕ ಮಾರುವ ಕಂಪನಿಗಳಿಗೆ 2021ರಲ್ಲಿ ನಿಯಮಗಳಾಗಿವೆ. ಅಂಥ ಏಜೆಂಟರು ಗುರುತಿನ ಚೀಟಿಯಿಲ್ಲದೆ, ಮೊದಲೇ ಒಪ್ಪಿಗೆ ಪಡೆಯದೆ ಮನೆಗೆ ಬರಕೂಡದು. ದೂರು ಕೊಡಬೇಕಾದರೆ 1915 ಎಂಬ ನಂಬರಿಗೆ ಫೋನು ಮಾಡಿರಿ, ಕನ್ನಡದಲ್ಲಿಯೂ ಮಾತಾಡಬಹುದು. ಅದರಿಂದಾಗದಿದ್ದರೆ ಮಡಗಾಂವದಲ್ಲಿ ಗ್ರಾಹಕ ಆಯೋಗವಿದೆ. ನಾವು ವಾಸಿಸುವ ಅಥವಾ ದುಡಿಯುವ ಸ್ಥಳದಲ್ಲಿಯೇ ದೂರು ಕೊಡುವ ಹಕ್ಕು ಕಾಯ್ದೆಯಲ್ಲಿದೆ. ಐದು ಲಕ್ಷ ರೂಪಾಯಿಯವರೆಗಿನ ವ್ಯವಹಾರಕ್ಕೆ ಫೀ ಇಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು. ಆದರೆ ಇದೆಲ್ಲಕ್ಕೂ ಕೈಯಲ್ಲಿ ಬಿಲ್ಲು ಇದ್ದರೆ ದಾರಿ ಸುಲಭ. ಬಿಲ್ಲು ಬೇಡವೆಂದರೆ ಇಷ್ಟು ಕಡಿಮೆ ಎಂಬ ಮಾತಿಗೆ ಮರುಳಾಗಬೇಡಿರಿ.

ಕಂತಿನ ಬಗ್ಗೆ ಸಾವರ್ಡೆಯವರಿಗೆ ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. 2012ರ ಸೆಪ್ಟೆಂಬರಿನಲ್ಲಿ ಗಣಿಗಳು ನಿಂತವು. ಮತ್ತೆ ಶುರುವಾಗಿ, ಸುಪ್ರೀಂ ಕೋರ್ಟಿನ ತೀರ್ಪಿನಿಂದ 2018ರ ಮಾರ್ಚಿನಲ್ಲಿ ಇನ್ನೊಮ್ಮೆ ನಿಂತವು. ಅದಿರಿನ ಲಾರಿಗಳು ಸಾಲಾಗಿ ನಿಂತದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಕೆಲಸ ನಿಂತ ದಿನವೇ ಕಂತು ನಿಲ್ಲಲಿಲ್ಲ. ದಿನಗೂಲಿಯವರ ಮನೆಯಲ್ಲಿ ಒಂದು ಜ್ವರ, ಒಂದು ವಾರದ ಬಿಡದ ಮಳೆ ಸಾಕು, ಕೂಲಿ ತಪ್ಪುತ್ತದೆ. ಆದುದರಿಂದ ಬಿಸಿನೀರಿನ ಸಾಮಾನನ್ನು ಕೂಡಿಟ್ಟ ಹಣದಿಂದ ಕೊಳ್ಳಿರಿ, ಕಂತಿಗೆ ಬೇಡ.

ಕೊನೆಯದಾಗಿ, ಆ ಘಟನೆಯ ನಂತರ ನಾವು ಕೂಡಿ ಮಾಡಿದ ತೀರ್ಮಾನಗಳನ್ನು ಎಲ್ಲರಿಗೂ ತಿಳಿಸುತ್ತೇವೆ. ಇನ್ನು ಮುಂದೆ ನಮ್ಮ ಪ್ರಾರ್ಥನಾ ಕೂಟದಲ್ಲಿ ಯಾರೂ ಸಾಮಾನು ತೋರಿಸುವಂತಿಲ್ಲ, ಅವರು ಯಾರ ಬಂಧುವೇ ಆಗಿರಲಿ. ಸಹವಾಸದ ಹೆಸರು ಹೇಳಿ ಬಂದವರನ್ನು ನಂಬಬೇಡಿರಿ. ನಾವು ಯಾರನ್ನೂ ಕಳುಹಿಸುವುದಿಲ್ಲ. ದೊಡ್ಡ ಸಾಮಾನು ಕೊಳ್ಳುವ ಮೊದಲು ಪಕ್ಕದ ಎರಡು ಮನೆಯವರನ್ನು ಕೇಳುವುದೆಂದು ತಾಯಂದಿರು ಒಪ್ಪಿದ್ದಾರೆ. ಹಂಡೆ, ಕೊಡ, ತಾಮ್ರ ಹಿತ್ತಾಳೆಯ ಪಾತ್ರೆ ಮಾರಲೇಬೇಕಾದರೆ ಪೇಟೆಗೆ ಒಯ್ದು, ತೂಗಿಸಿ, ಎರಡು ಅಂಗಡಿಯಲ್ಲಿ ದರ ಕೇಳಿ ಮಾರಬೇಕು. ಮೋಸದ ತಕ್ಕಡಿಯನ್ನು ದೇವರು ಹೇಸುತ್ತಾನೆಂದು ಜ್ಞಾನೋಕ್ತಿಗಳು ಕಲಿಸುತ್ತವೆ. ಆದರೆ ಆ ಹುಡುಗನು ತಕ್ಕಡಿಯನ್ನೇ ತರಲಿಲ್ಲ, ನಾವೂ ಕೇಳಲಿಲ್ಲ.

ಆ ಸಹೋದರಿಯ ಹಂಡೆ ಮರಳಿ ಬರಲಿಲ್ಲ. ಲೈನಿನವರು ತಮ್ಮ ತಮ್ಮಲ್ಲಿ ಕೂಡಿಸಿ ಅವರಿಗೊಂದು ಅಲ್ಯೂಮಿನಿಯಂ ಪಾತ್ರೆಯನ್ನು ತಂದುಕೊಟ್ಟಿದ್ದಾರೆ. ಹುಡುಗನು ಶಾಲೆಗೆ ಹೋಗುತ್ತಿದ್ದಾನೆ. ಈ ಮಳೆಗಾಲದಲ್ಲಿ ನಿಮ್ಮ ಬಾಗಿಲು ತಟ್ಟುವವರು ಇದ್ದೇ ಇರುತ್ತಾರೆ. ಮೃದುವಾಗಿ ಮಾತಾಡಿರಿ, ನೀರು ಕೊಡಿರಿ, ನಾಳೆ ಬನ್ನಿರಿ ಎನ್ನಿರಿ. ಕರ್ತನು ನಿಮ್ಮ ಮನೆಯನ್ನೂ ನಿಮ್ಮ ಬೆವರಿನ ಗಳಿಕೆಯನ್ನೂ ಕಾಯಲಿ.